ಮೊದಲ ಹಾರ್ನಿನ ಕುರ್ಚಿ, ಜಾರುವ ಸ್ವರ, ಫಾರ್ಕಸ್ ಮೇಷ್ಟ್ರು

ಆರ್ಕೆಸ್ಟ್ರಾದಲ್ಲಿ ಎಡವದವರು ಯಾರೂ ಇಲ್ಲ. ಪಿಟೀಲಿನ ಸಾಲಿನಲ್ಲಿ ಒಬ್ಬರ ಬೆರಳು ಕೂದಲೆಳೆಯಷ್ಟು ಆಚೀಚೆ ಹೋದರೆ ಪಕ್ಕದಲ್ಲಿ ಕೂತವರಿಗೆ ಗೊತ್ತಾದೀತು, ಅಷ್ಟೆ. ಸುರುಳಿ ಸುತ್ತಿದ ಹಿತ್ತಾಳೆ ಕೊಳವೆಯ ಫ್ರೆಂಚ್ ಹಾರ್ನ್ ಊದುವವರು ಎಡವಿದರೆ ಮಾತ್ರ ಬಾಲ್ಕನಿಯ ಕೊನೇ ಸಾಲಿನಲ್ಲಿ ತೂಕಡಿಸುತ್ತಿದ್ದವರೂ ಕಣ್ಣು ಬಿಡುತ್ತಾರೆ. ಸ್ವರ ಹುಟ್ಟುವಾಗಲೇ ಒಡೆದು, ಪಕ್ಕದ ಸ್ವರವನ್ನು ಒಮ್ಮೆ ಸವರಿ, ಆಮೇಲೆ ತನ್ನ ಜಾಗಕ್ಕೆ ಬರುತ್ತದೆ. ಅಮೆರಿಕದ ವಾದಕರು ಇದಕ್ಕೆ ‘ಕ್ಲ್ಯಾಮ್’ ಅನ್ನುತ್ತಾರೆ. ಯಾರು ಯಾವ ಕುರ್ಚಿಯಲ್ಲಿ ಕೂರಬೇಕು, ಯಾರು ಯಾವಾಗ ಬಾಯಿಗೆ ವಿರಾಮ ಕೊಡಬೇಕು, ಶಿಷ್ಯರಿಗೆ ಮೊದಲು ಏನು ಹೇಳಿಕೊಡಬೇಕು, ಇವೆಲ್ಲ ಈ ಒಂದು ಕ್ಷಣವನ್ನು ದಾಟುವುದಕ್ಕಾಗಿಯೇ ಬೆಳೆದುಬಂದ ಪದ್ಧತಿಗಳು. ಷಿಕಾಗೊ ಸಿಂಫನಿಯ ಮೊದಲ ಹಾರ್ನ್ ವಾದಕರಾಗಿದ್ದ, ಆಮೇಲೆ ಇಂಡಿಯಾನ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದ ಫಿಲಿಪ್ ಫಾರ್ಕಸ್ (1914–1992) ಈ ಭಯವನ್ನು ‘ಅದೃಷ್ಟ’ ಎಂದು ಕೈಬಿಡದೆ, ಬಿಡಿಬಿಡಿಯಾಗಿ ಬಿಚ್ಚಿ ನೋಡಿದವರು. ಹಾರ್ನ್ ಮೇಷ್ಟ್ರುಗಳಲ್ಲಿ ಅವರ ಹೆಸರು ಇವತ್ತಿಗೂ ಓಡಾಡುವುದು ಅದಕ್ಕೇ.

ಸ್ವರ ಏಕೆ ಜಾರುತ್ತದೆ ಎಂಬುದನ್ನು ಮೊದಲು ನೋಡಬೇಕು. ಸಂಗೀತ ಬಲ್ಲ ಕನ್ನಡಿಗರಿಗೆ ಇದನ್ನು ವಿವರಿಸುವುದು ಸುಲಭ. ಎಫ್ ಶ್ರುತಿಯ ಹಾರ್ನಿನ ಕೊಳವೆಯನ್ನು ಬಿಚ್ಚಿ ನೇರ ಮಾಡಿದರೆ ಸುಮಾರು 3.7 ಮೀಟರ್, ಅಂದರೆ 12 ಅಡಿ ಉದ್ದ. ಟ್ರಂಪೆಟ್ಟಿನದು ಸುಮಾರು 1.4 ಮೀಟರ್. ಎಫ್ ಅನ್ನು ಷಡ್ಜ ಎಂದಿಟ್ಟುಕೊಳ್ಳಿ. ಕೊಳವೆಯ ಉದ್ದ ಬದಲಿಸುವ ಬೆರಳ ಕೀಲಿಯನ್ನು, ಅಂದರೆ ವಾಲ್ವನ್ನು, ಮುಟ್ಟದೆ ಬರೀ ತುಟಿಯ ಬಿಗಿ ಬದಲಿಸುತ್ತ ಹೋದರೆ ಕೊಳವೆಯಿಂದ ಏಳುವ ಹಾರ್ಮೋನಿಕ್‌ಗಳಲ್ಲಿ ಎರಡನೆಯದು ಷಡ್ಜ, ಮೂರನೆಯದು ಪಂಚಮ, ನಾಲ್ಕು ಮೇಲಿನ ಷಡ್ಜ, ಐದು ಅಂತರ ಗಾಂಧಾರ, ಆರು ಪಂಚಮ, ಏಳು ಕೊಂಚ ತಗ್ಗಿದ ಕೈಶಿಕಿ ನಿಷಾದ, ಎಂಟು ಮತ್ತೆ ಷಡ್ಜ. ತಂಬೂರಿಯ ಮಂದ್ರ ತಂತಿಯಲ್ಲಿ ತಾನಾಗಿ ಕೇಳಿಬರುವ ಸ್ವಯಂಭೂ ಗಾಂಧಾರ ಇದೇ ಐದನೆಯದು. ಇಲ್ಲಿಯವರೆಗೆ ಮೆಟ್ಟಿಲುಗಳ ನಡುವೆ ಧಾರಾಳ ಅಂತರವಿದೆ. ಎಂಟು ದಾಟಿದ ಮೇಲೆ ಒಂಬತ್ತು ರಿಷಭ, ಹತ್ತು ಅಂತರ ಗಾಂಧಾರ, ಹನ್ನೊಂದು ಶುದ್ಧ ಮಧ್ಯಮಕ್ಕೂ ಪ್ರತಿ ಮಧ್ಯಮಕ್ಕೂ ನಡುವೆ ಎಲ್ಲೋ, ಹನ್ನೆರಡು ಪಂಚಮ. ಹದಿನೈದು ಕಾಕಲಿ ನಿಷಾದ, ಹದಿನಾರು ತಾರ ಷಡ್ಜ. ಮೆಟ್ಟಿಲುಗಳು ಒತ್ತೊತ್ತಾಗಿ ಬಂದುಬಿಡುತ್ತವೆ.

ಟ್ರಂಪೆಟ್ಟಿನವರ ದಿನನಿತ್ಯದ ಕೆಲಸ ಬಹುಪಾಲು ಎಂಟನೆಯದರ ಕೆಳಗೇ ಮುಗಿಯುತ್ತದೆ. ಹಾರ್ನಿನವರ ಕಛೇರಿ ಶುರುವಾಗುವುದೇ ಅಲ್ಲಿಂದ. ಸುಮಾರು 17–18 ಮಿಲಿಮೀಟರ್ ಒಳವ್ಯಾಸದ ಮೌತ್‌ಪೀಸಿನೊಳಗೆ ತುಟಿಯ ಬಿಗಿ ತುಸುವೇ ಹೆಚ್ಚುಕಡಿಮೆಯಾದರೂ ಬೇಕಾದ ಸ್ವರದ ಬದಲು ಅದರ ಪಕ್ಕದ್ದು ಬರುತ್ತದೆ. ಬೆರಳು ಸರಿಯಾದ ವಾಲ್ವನ್ನೇ ಒತ್ತಿದ್ದರೂ ತಪ್ಪು ಸ್ವರ ಬರುವುದು ಹೀಗೆ. ಪಿಯಾನೊದವರಿಗೆ ಇದನ್ನು ನಂಬಿಸುವುದು ಕಷ್ಟ.

ಇದಕ್ಕೆ ಕಂಡುಕೊಂಡ ದೊಡ್ಡ ಉಪಾಯವೇ ಡಬಲ್ ಹಾರ್ನ್. 19ನೇ ಶತಮಾನದ ಕೊನೆಯಲ್ಲಿ ಜರ್ಮನಿಯ ಎರ್ಫರ್ಟಿನ ಕ್ರುಸ್ಪೆ ಕಾರ್ಖಾನೆಯಿಂದ ಬಂದದ್ದು. ಒಂದೇ ವಾದ್ಯದಲ್ಲಿ 12 ಅಡಿಯ ಎಫ್ ಕೊಳವೆ, 9 ಅಡಿಯ ಬಿ-ಫ್ಲಾಟ್ ಕೊಳವೆ, ಎರಡೂ ಇರುತ್ತವೆ. ಎಡಗೈ ಹೆಬ್ಬೆರಳಿನ ವಾಲ್ವ್ ಒತ್ತಿದರೆ ಒಂದರಿಂದ ಇನ್ನೊಂದಕ್ಕೆ ಹಾರಬಹುದು. ಎಫ್ ಕೊಳವೆಯಲ್ಲಿ ಹದಿನಾರನೆಯದಾಗಿದ್ದ ಸ್ವರ ಬಿ-ಫ್ಲಾಟಿನಲ್ಲಿ ಹನ್ನೆರಡನೆಯದಾಗುತ್ತದೆ. ಮೆಟ್ಟಿಲುಗಳ ಅಂತರ ಅಷ್ಟರಮಟ್ಟಿಗೆ ಹಿಗ್ಗಿತು. ಅಮೆರಿಕದಲ್ಲಿ ರೂಢಿಯಾದ ಕ್ರಮದಲ್ಲಿ ಸ್ವರಲಿಪಿಯ ನಡುಸ್ಥಾಯಿಯ ಜಿ-ಶಾರ್ಪಿನಿಂದ ಮೇಲಕ್ಕೆ ಬಿ-ಫ್ಲಾಟ್, ಅದರ ಕೆಳಗೆ ಎಫ್. ಹಾಗೆಂದು ಪೂರ್ತಿ ಬಿ-ಫ್ಲಾಟಿನಲ್ಲೇ ನುಡಿಸಿದರಾಗದೇ ಎಂದು ಕೇಳಬಹುದು. ನುಡಿಸುವವರಿದ್ದಾರೆ. ಆದರೆ ಎಫ್ ಕೊಳವೆಯ ನಡುಸ್ಥಾಯಿಯಲ್ಲಿರುವ ತುಂಬು ನಾದ ಅದರಲ್ಲಿ ಸಿಗುವುದು ಕಷ್ಟ, ಮಂದ್ರದಲ್ಲಿ ಕೆಲವು ಸ್ವರಗಳು ಶ್ರುತಿಗೆ ಕೂರುವುದಿಲ್ಲ.

ಫಾರ್ಕಸ್ ಹುಟ್ಟಿದ್ದು ಷಿಕಾಗೊದಲ್ಲಿ. ಹುಡುಗನಾಗಿದ್ದಾಗ ನುಡಿಸುತ್ತಿದ್ದದ್ದು ಟ್ಯೂಬಾ. ಆ ಹೆಬ್ಬಂಡೆಯನ್ನು ಟ್ರ್ಯಾಮ್ ಗಾಡಿಗೆ ಹತ್ತಿಸಿ ಬಾಗಿಲಿಗೆ ಅಡ್ಡ ಇಡುತ್ತಿದ್ದುದನ್ನು ಕಂಡು ಕಂಡಕ್ಟರ್ ಇನ್ನು ತರಬೇಡ ಎಂದನಂತೆ. ಹಾಗಾದರೆ ಯಾವ ವಾದ್ಯ ತರಬಹುದು ಎಂದು ಕೇಳಿದ್ದಕ್ಕೆ ಅಲ್ಲೇ ಇದ್ದ ಒಂದು ಹಾರ್ನ್ ಪೆಟ್ಟಿಗೆಯನ್ನು ತೋರಿಸಿದನಂತೆ. ಫಾರ್ಕಸ್ ಬಗ್ಗೆ ಎಲ್ಲರೂ ಹೇಳುವ ಕಥೆ ಇದು. 1933ರಲ್ಲಿ, ಇನ್ನೂ 19 ವರ್ಷ, ಕಾನ್ಸಸ್ ಸಿಟಿ ಫಿಲ್‌ಹಾರ್ಮೋನಿಕ್‌ನ ಮೊದಲ ಹಾರ್ನ್. 1936ರಲ್ಲಿ, 22ನೇ ವಯಸ್ಸಿಗೆ, ತನ್ನೂರಿನ ಷಿಕಾಗೊ ಸಿಂಫನಿಯಲ್ಲಿ ಅದೇ ಕುರ್ಚಿ. 1941ರಲ್ಲಿ ಕ್ಲೀವ್‌ಲ್ಯಾಂಡ್, ಯುದ್ಧ ಮುಗಿದ ಮೇಲೆ ಸ್ವಲ್ಪ ಕಾಲ ಬಾಸ್ಟನ್, ಮತ್ತೆ ಕ್ಲೀವ್‌ಲ್ಯಾಂಡ್, 1940ರ ದಶಕದ ಕೊನೆಗೆ ಮರಳಿ ಷಿಕಾಗೊ. 1960ರಲ್ಲಿ, 46ನೇ ವಯಸ್ಸಿನಲ್ಲಿ, ಕುರ್ಚಿ ಬಿಟ್ಟು ಬ್ಲೂಮಿಂಗ್ಟನ್ನಿನ ಇಂಡಿಯಾನ ವಿಶ್ವವಿದ್ಯಾಲಯಕ್ಕೆ ಪೂರ್ಣಾವಧಿ ಮೇಷ್ಟ್ರಾಗಿ ಹೊರಟರು. ತುಟಿ ಕೈಕೊಟ್ಟ ಮೇಲೆ ಪಾಠಕ್ಕೆ ಇಳಿಯುವುದು ಸಾಮಾನ್ಯ. ನುಡಿಸಾಣಿಕೆ ಚೆನ್ನಾಗಿರುವಾಗಲೇ ಎದ್ದು ಹೋದವರು ಕಡಿಮೆ. ಒಂದು ಮಾತು ಇಲ್ಲಿ ನೆನಪಿಡಬೇಕು. ಆ ಕಾಲಕ್ಕೆ ಅಮೆರಿಕದ ಆರ್ಕೆಸ್ಟ್ರಾಗಳು ವರ್ಷದ 52 ವಾರವೂ ಸಂಬಳ ಕೊಡುತ್ತಿರಲಿಲ್ಲ. ಪಾಠ ಹೇಳುವುದು ವಾದಕರಿಗೆ ಹವ್ಯಾಸವಲ್ಲ, ಮನೆ ನಡೆಸುವ ದಾರಿ.

ಷಿಕಾಗೊದ ಎರಡನೇ ಸರದಿಯೇ ಅವರ ವೃತ್ತಿಯ ಉಚ್ಛ್ರಾಯ. 1953ರಲ್ಲಿ ಫ್ರಿಟ್ಸ್ ರೈನರ್ ಸಂಗೀತ ನಿರ್ದೇಶಕರಾಗಿ ಬಂದರು. ಬೆತ್ತವನ್ನು ಬೆರಳಗಲದಷ್ಟೇ ಆಡಿಸಿ, ತಪ್ಪಿದವರನ್ನು ಕಣ್ಣಲ್ಲೇ ಸುಡುವ ಮನುಷ್ಯ. 1954ರ ಮಾರ್ಚಿನಲ್ಲಿ ಆರ್‌ಸಿಎ ಕಂಪನಿ ಅವರಿಂದ ರಿಚರ್ಡ್ ಸ್ಟ್ರೌಸ್‌ನ ಎರಡು ದೊಡ್ಡ ಕೃತಿಗಳನ್ನು ಸ್ಟೀರಿಯೊದಲ್ಲಿ ಧ್ವನಿಮುದ್ರಿಸಿತು. ಒಂದಕ್ಕೆ ಆರು ಹಾರ್ನ್, ಇನ್ನೊಂದಕ್ಕೆ ಎಂಟು. ಸ್ಟ್ರೌಸ್‌ನ ಅಪ್ಪ ಫ್ರಾಂಟ್ಸ್, ಮ್ಯೂನಿಕ್ ಆಸ್ಥಾನದ ಮೊದಲ ಹಾರ್ನ್ ವಾದಕ; ಮನೆಯಲ್ಲೇ ಕೇಳಿ ಬೆಳೆದ ಕಾರಣಕ್ಕೋ ಏನೋ, ಹಾರ್ನ್ ಏನೇನು ಮಾಡಬಲ್ಲದೋ ಅದರ ಅಂಚಿಗೇ ಒಯ್ದು ನಿಲ್ಲಿಸುವುದು ಮಗನ ಚಾಳಿ. ಆ ಧ್ವನಿಮುದ್ರಿಕೆಗಳು ಇವತ್ತಿಗೂ ಮಾರಾಟವಾಗುತ್ತಿವೆ.

ಮೊದಲ ಹಾರ್ನ್ ಎಂದರೇನು ಎನ್ನುವುದನ್ನು ಸ್ವಲ್ಪ ಬಿಡಿಸಬೇಕು. ನಾಲ್ವರ ಸಾಲಿನಲ್ಲಿ ಒಂದು ಮತ್ತು ಮೂರನೆಯವರು ಮೇಲಿನ ಸ್ಥಾಯಿಯವರು, ಎರಡು ಮತ್ತು ನಾಲ್ಕನೆಯವರು ಕೆಳಗಿನವರು. ವಾಲ್ವ್ ಇಲ್ಲದ ಕಾಲದಲ್ಲಿ ಇಬ್ಬಿಬ್ಬರ ಎರಡು ಜೋಡಿಗಳು ಬೇರೆಬೇರೆ ಶ್ರುತಿಯ ಹಾರ್ನ್ ಹಿಡಿದು ಕೂರುತ್ತಿದ್ದುದರ ಉಳಿಕೆ ಇದು. ನಾಲ್ಕನೆಯವರು ಮೂಲೆಗುಂಪಾದವರು ಎಂದುಕೊಳ್ಳಬೇಡಿ: ಬೀಥೋವನ್‌ನ ಒಂಬತ್ತನೇ ಸಿಂಫನಿಯ ಮೂರನೇ ಭಾಗದಲ್ಲಿ ಏಕವಾದನ ಬಂದಿರುವುದು ನಾಲ್ಕನೇ ಹಾರ್ನಿಗೇ. ಇವರ ಜತೆಗೆ ಅಮೆರಿಕದಲ್ಲಿ ಐದನೆಯವರೊಬ್ಬರು ಇರುತ್ತಾರೆ, ಅಸಿಸ್ಟೆಂಟ್ ಫಸ್ಟ್, ಬ್ರಿಟನ್ನಿನಲ್ಲಿ ‘ಬಂಪರ್’. ಎಲ್ಲರೂ ಸೇರಿ ಅಬ್ಬರಿಸುವ ಕಡೆ ಮೊದಲನೆಯವರ ಪಾಲನ್ನು ಇವರು ನುಡಿಸಿ, ಅವರ ತುಟಿಗೆ ಬಿಡುವು ಕೊಡುವುದು ಕೆಲಸ. ಚೈಕೋವ್‌ಸ್ಕಿಯ ಐದನೇ ಸಿಂಫನಿಯನ್ನೇ ತೆಗೆದುಕೊಳ್ಳಿ. ಮೊದಲ ಭಾಗದಲ್ಲಿ ಹಿತ್ತಾಳೆ ವಾದ್ಯಗಳಿಗೆ ಪುರುಸೊತ್ತಿಲ್ಲದ ಕೆಲಸ. ಅದು ಮುಗಿದು ಸ್ವಲ್ಪ ಹೊತ್ತಿಗೇ ಎರಡನೇ ಭಾಗ, ತಂತಿವಾದ್ಯಗಳ ಮಂದ್ರ ಪೀಠಿಕೆ, ಅದರ ಮೇಲೆ ಹಾರ್ನಿನ ಉದ್ದನೆಯ ಏಕವಾದನ, ಮೆಲ್ಲಗೆ, ಎಳೆದೆಳೆದು. ಊದಿ ಊದಿ ಬಾತ ತುಟಿಯಿಂದ ಅದನ್ನು ಶುರುಮಾಡಹೋದರೆ ಒಡೆಯುವುದು ಖಂಡಿತ. ಅದಕ್ಕೇ ಜಾಣ ವಾದಕರು ಮೊದಲ ಭಾಗದ ಪುಟಗಳಲ್ಲಿ ಪೆನ್ಸಿಲಿನಿಂದ ಬ್ರ್ಯಾಕೆಟ್ ಹಾಕಿಟ್ಟಿರುತ್ತಾರೆ: ಇಲ್ಲಿಂದ ಇಲ್ಲಿಗೆ ಅಸಿಸ್ಟೆಂಟ್. ಬ್ರಾಹ್ಮ್ಸ್‌ನ ಮೊದಲ ಸಿಂಫನಿಯ ಕೊನೇ ಭಾಗದಲ್ಲಿ ಬರುವ ಆಲ್ಪ್ಸ್ ಕಹಳೆಯ ಕರೆಯಲ್ಲಂತೂ ಈ ಹಂಚಿಕೆಯನ್ನು ಸಂಗೀತಕಾರನೇ ಬರೆದಿಟ್ಟಿದ್ದಾನೆ. ಉದ್ದ ಸ್ವರವನ್ನು ಮೊದಲನೆಯವರು ಹಿಡಿದಿರುವಾಗಲೇ ಎರಡನೆಯವರು ಅದೇ ಸ್ವರದಲ್ಲಿ ಸೇರಿಕೊಳ್ಳುತ್ತಾರೆ. ಮೊದಲನೆಯವರು ಉಸಿರೆಳೆದುಕೊಂಡದ್ದು ಸಭೆಗೆ ತಿಳಿಯುವುದೇ ಇಲ್ಲ.

ಆ ಪುಟದಲ್ಲಿ ಇನ್ನೊಂದು ತೊಡಕೂ ಇದೆ. ಬ್ರಾಹ್ಮ್ಸ್ ಅದನ್ನು ಸಿ ಶ್ರುತಿಯ ಹಾರ್ನಿಗೆ ಬರೆದಿದ್ದಾನೆ, ವಾದಕರ ಕೈಯಲ್ಲಿರುವುದು ಎಫ್. ಹಾಗಾಗಿ ಕಣ್ಣು ನೋಡುವುದೊಂದು, ನುಡಿಸುವುದು ಅದಕ್ಕಿಂತ ಎರಡೂವರೆ ಸ್ವರ ಕೆಳಗಿನದು. ಇ-ಫ್ಲಾಟ್ ಎಂದಿದ್ದರೆ ಒಂದು ಪೂರ್ಣಸ್ವರ ಕೆಳಗೆ, ಇ ಎಂದಿದ್ದರೆ ಅರ್ಧಸ್ವರ, ಡಿ ಎಂದಿದ್ದರೆ ಒಂದೂವರೆ ಸ್ವರ ಕೆಳಗೆ. ಜಿ ಆದರೆ ಒಂದು ಸ್ವರ ಮೇಲೆ, ಎ ಆದರೆ ಎರಡು ಸ್ವರ ಮೇಲೆ. ಇದನ್ನು ಲೆಕ್ಕ ಹಾಕಿ ನುಡಿಸುವವರು ಬೇಗ ಸುಸ್ತಾಗುತ್ತಾರೆ. ಒಂದೇ ಸುಲಭ ಪಾಠವನ್ನು ದಿನಕ್ಕೊಂದು ಶ್ರುತಿಯಲ್ಲಿ ಓದಿ ಓದಿ, ಬೆರಳಿಗೆ ಅಭ್ಯಾಸವಾಗುವ ತನಕ ಬಿಡಬಾರದು. ಆಡಿಷನ್ನಿನಲ್ಲಿ ಪರದೆಯ ಹಿಂದೆ ನಿಂತಾಗ ತಲೆ ಓಡುವುದಿಲ್ಲ, ಬೆರಳು ಓಡುತ್ತದೆ.

ಹಾರ್ನಿನ ಬಾಯಿ ಹಿಂದಕ್ಕೆ ತಿರುಗಿರುತ್ತದೆ. ನಾದ ಹಿಂದಿನ ಗೋಡೆಗೆ ಬಡಿದು ಸಭೆಗೆ ಬರಬೇಕು. ಬೆತ್ತ ಇಳಿದ ಕ್ಷಣಕ್ಕೇ ಊದಿದರೆ ಮುಂದಿನವರಿಗೆ ತಡವಾಗಿ ಕೇಳುತ್ತದೆ. ಅನುಭವಿಗಳು ಕಣ್ಣಳತೆಯಷ್ಟು ಮುಂಚೆ ಹೊರಡುತ್ತಾರೆ. ಹೊಸಬರಿಗೆ ಇದು ತಿಳಿಯುವುದು ಬೆತ್ತ ಹಿಡಿದ ಆರ್ಕೆಸ್ಟ್ರಾ ಕಂಡಕ್ಟರ್ ಕೈಯಲ್ಲಿ ಬೈಸಿಕೊಂಡ ಮೇಲೆಯೇ.

ಇನ್ನು ಪಾಠಕ್ಕೆ ಬರೋಣ. ಫಾರ್ಕಸ್ 1956ರಲ್ಲಿ ಹೊರತಂದ ಹಾರ್ನ್ ಕೈಪಿಡಿ ಬಹುಬೇಗ ಎಲ್ಲರ ಕೈಗೂ ಬಂತು. ಅಲ್ಲಿಯವರೆಗೆ ತುಟಿಯ ವಿಚಾರ ಗುರುವಿನ ಬಾಯಿಂದ ಶಿಷ್ಯನ ಕಿವಿಗೆ ಹೋಗುತ್ತಿದ್ದದ್ದು. ‘ಹೀಗೆ ಮಾಡು’ ಎಂದು ನುಡಿಸಿ ತೋರಿಸುವುದೇ ಪಾಠ. ಇವರು ಅದಕ್ಕೆ ಅಳತೆ ಕೊಟ್ಟರು. ಮೌತ್‌ಪೀಸ್ ಅಂಚಿನೊಳಗೆ ಮೇಲ್ತುಟಿ ಮೂರರಲ್ಲಿ ಎರಡು ಪಾಲು, ಕೆಳತುಟಿ ಒಂದು ಪಾಲು. ತುಟಿಯ ಎರಡು ಕೊನೆಗಳು ಗಟ್ಟಿಯಾಗಿ ನಿಲ್ಲಬೇಕು, ಗದ್ದದ ಚರ್ಮ ಕೆಳಕ್ಕೆ ಎಳೆದು ಚಪ್ಪಟೆಯಾಗಿರಬೇಕು. ನಗುವವರ ಬಾಯಿಯ ಎಳೆತ, ಸೀಟಿ ಹೊಡೆಯುವವರ ಬಾಯಿಯ ಒತ್ತು, ಎರಡೂ ಒಂದಕ್ಕೊಂದು ಜಗ್ಗಾಡಿ ಸಮವಾಗಿ ನಿಲ್ಲಬೇಕು. ನಡುವೆ ಉಳಿಯುವ ಕಂಡಿ ಓಬೋ ವಾದ್ಯದ ಜೋಡಿ ಗರಿಯ ಬಾಯಿಯ ಹಾಗಿರಬೇಕು ಎನ್ನುತ್ತಾರೆ. ತಾರಸ್ಥಾಯಿಗೆ ಹೋದಂತೆ ಆ ಕಂಡಿ ಕಿರಿದಾಗುತ್ತದೆ, ಮೆಲ್ಲಗೆ ನುಡಿಸುವಾಗಲೂ ಕಿರಿದಾಗುತ್ತದೆ. ಹಾಗಾಗಿ ತಾರದಲ್ಲಿ ಮೆಲ್ಲಗೆ ನುಡಿಸುವುದು ಇಮ್ಮಡಿ ಕಷ್ಟ. ಒಡೆಯುವ ಸ್ವರಗಳಲ್ಲಿ ಹೆಚ್ಚಿನವು ಇಲ್ಲಿಯವೇ.

ಕಲಿಯುವವರು ತಪ್ಪುವುದೂ ಇಲ್ಲಿಯೇ. ಬರೀ ನಗುವಿನ ಎಳೆತ ಇಟ್ಟುಕೊಂಡರೆ ತುಟಿ ತೆಳುವಾಗಿ ನಾದ ಕೀರಲಾಗುತ್ತದೆ, ಹತ್ತು ನಿಮಿಷಕ್ಕೆ ಬಾಯಿ ಸೋಲುತ್ತದೆ. ಬರೀ ಒತ್ತು ಇಟ್ಟುಕೊಂಡರೆ ನಾದ ಮಂಕು, ಮೇಲಿನ ಸ್ವರ ಬರುವುದೇ ಇಲ್ಲ. ಗದ್ದ ಕುಗ್ಗಿ ಕಿತ್ತಳೆ ಸಿಪ್ಪೆಯಂತೆ ಗುಂಡಿಗುಂಡಿಯಾದರೆ ಕೆಳತುಟಿ ಮೇಲಕ್ಕೆ ದೂಡಲ್ಪಟ್ಟು ಕಂಡಿ ಮುಚ್ಚುತ್ತದೆ. ಮೇಲಿನ ಸ್ವರ ಸಿಗದಾಗ ಎಲ್ಲರೂ ಮಾಡುವುದು ಒಂದೇ, ಮೌತ್‌ಪೀಸನ್ನು ತುಟಿಗೆ ಅದುಮುವುದು. ಸ್ವರ ಬರುತ್ತದೆ, ನಿಜ. ಆದರೆ ಅದುಮಿದ ಕಡೆ ರಕ್ತದ ಓಟ ನಿಲ್ಲುತ್ತದೆ, ಸ್ನಾಯು ಬೇಗ ಸೋಲುತ್ತದೆ, ಮುಂದಿನ ಸ್ವರಕ್ಕೆ ಇನ್ನಷ್ಟು ಅದುಮಬೇಕಾಗುತ್ತದೆ. ಸಾಲದ ಮೇಲೆ ಸಾಲ. ಪರೀಕ್ಷೆ ಸುಲಭ: ಎಡಗೈ ಕಿರುಬೆರಳನ್ನು ಅದರ ಕೊಕ್ಕೆಯಿಂದ ಬಿಡಿಸಿ ಅದೇ ಸ್ವರವನ್ನು ನುಡಿಸಿ ನೋಡಿ. ವಾದ್ಯವನ್ನು ಮುಖಕ್ಕೆ ಎಳೆಯುವುದು ಹೆಚ್ಚಾಗಿ ಆ ಬೆರಳೇ.

ಸ್ವರದ ಆರಂಭಕ್ಕೆ ಅವರ ಕಾಲದಿಂದಲೂ ಮೇಷ್ಟ್ರುಗಳು ಹೇಳಿಕೊಡುವ ಕ್ರಮ ಹೀಗಿದೆ. ಮೊದಲು ಸ್ವರವನ್ನು ಮನಸ್ಸಿನಲ್ಲಿ ಹಾಡಿಕೊಳ್ಳಬೇಕು, ಕೇಳಿಸದಿದ್ದರೆ ಊದಬಾರದು. ಆಮೇಲೆ ಉಸಿರು, ಎಳೆದ ಉಸಿರು ತಿರುಗುವಾಗ ತಡೆಯದೆ ಹಾಗೆಯೇ ಹೊರಕ್ಕೆ. ನಾಲಗೆಯ ತುದಿ ಮೇಲಿನ ಹಲ್ಲಿನ ಹಿಂದೆ ‘ತು’ ಎಂದು ಬಿಡಬೇಕು. ಉಸಿರೆಳೆದು, ಗಂಟಲಲ್ಲಿ ಹಿಡಿದು, ಬೆತ್ತಕ್ಕಾಗಿ ಕಾಯ್ದು, ಆಮೇಲೆ ನಾಲಗೆ ಬಿಡುವುದೇ ಒಡೆಯುವುದಕ್ಕೆ ಮೂಲ; ಹಿಡಿದ ಗಾಳಿ ಧಡಕ್ಕನೆ ನುಗ್ಗಿ ತುಟಿಯನ್ನು ಪಕ್ಕದ ಹಾರ್ಮೋನಿಕ್‌ಗೆ ಎತ್ತಿ ಎಸೆಯುತ್ತದೆ. ವೇಗದ ಸ್ವರಗಳಿಗೆ ‘ತ-ಕ-ತ-ಕ’ ಎಂದು ನಾಲಗೆಯ ತುದಿ ಮತ್ತು ಹಿಂಭಾಗವನ್ನು ಸರದಿಯಲ್ಲಿ ಬಳಸುತ್ತಾರೆ. ಮೃದಂಗದ ಪಾಠದಲ್ಲಿ ಕೊನ್ನಕ್ಕೋಲು ಹೇಳಿದವರಿಗೆ ಇದು ಒಂದು ವಾರದ ಕೆಲಸ. ಯುರೋಪಿನ ಮಕ್ಕಳಿಗೆ ‘ಕ’ ಮಂಕಾಗದಂತೆ ಕಲಿಸಲು ತಿಂಗಳುಗಟ್ಟಲೆ ಬೇಕಾಗುತ್ತದೆ.

ಬೆಳಗಿನ ಸಾಧಕದಲ್ಲಿ ಎಫ್ ಕೊಳವೆಯಲ್ಲೇ ಹಾರ್ಮೋನಿಕ್‌ಗಳನ್ನು ನಾಲಗೆ ಮುಟ್ಟಿಸದೆ ಜೋಡಿಸಿ ಹತ್ತಿ ಇಳಿಯುವುದು ಮುಖ್ಯ. ವಾಲ್ವ್ ಒತ್ತದೆ ಒಂದು, ಆಮೇಲೆ ಎರಡನೆಯದು, ಒಂದನೆಯದು, ಒಂದು-ಎರಡು, ಎರಡು-ಮೂರು, ಒಂದು-ಮೂರು, ಮೂರೂ. ಹೀಗೆ ಏಳು ಉದ್ದಗಳಲ್ಲಿ. ಅದರ ಜತೆಗೆ ಉದ್ದ ಸ್ವರಗಳು: ಕೇಳಿಸಿತೋ ಇಲ್ಲವೋ ಎಂಬಷ್ಟು ಮೆಲ್ಲಗೆ ಶುರುಮಾಡಿ, ತುಂಬು ನಾದಕ್ಕೆ ಏರಿಸಿ, ಮತ್ತೆ ಅಷ್ಟೇ ಮೆಲ್ಲಗೆ ಇಳಿಸುವುದು. ಎದುರಿಗೆ ಶ್ರುತಿಯಂತ್ರ ಇಟ್ಟುಕೊಂಡರೆ ನಾದ ಏರುವಾಗ ಮುಳ್ಳು ಎತ್ತ ವಾಲುತ್ತದೆ ಎಂದು ಗೊತ್ತಾಗುತ್ತದೆ. ನಡುನಡುವೆ ವಾದ್ಯ ಕೆಳಗಿಡಬೇಕು. ಎರಡು ಗಂಟೆ ಒಂದೇ ಸಮ ಊದುವುದಕ್ಕಿಂತ ಅರ್ಧರ್ಧ ಗಂಟೆಯ ನಾಲ್ಕು ಸಲ ವಾಸಿ.

ಫಾರ್ಕಸ್ ಹೇಳಿದ್ದರಲ್ಲಿ ಒಂದು ವಿಷಯ ಮಾತ್ರ ನಿಲ್ಲಲಿಲ್ಲ. ಕೆಳದವಡೆಯನ್ನು ಸ್ವಲ್ಪ ಮುಂದಕ್ಕೆ ತಂದರೆ ಉಸಿರು ಮೌತ್‌ಪೀಸಿನ ನಡು ತೂತಿಗೆ ನೇರವಾಗಿ ಹೋಗುತ್ತದೆ, ಹೋಗಬೇಕು ಎನ್ನುವುದು ಅವರ ವಾದ. ಕೇಳುವುದಕ್ಕೆ ತರ್ಕಬದ್ಧವಾಗಿಯೇ ಇದೆ. ಆದರೆ 1970ರಲ್ಲಿ ಅವರೇ ಒಂದು ಕೆಲಸ ಮಾಡಿದರು. ನಲವತ್ತು ಮಂದಿ ಹೆಸರಾಂತ ಹಾರ್ನ್ ವಾದಕರ ತುಟಿಗಳ ಫೋಟೊ ತೆಗೆದು ಪ್ರಕಟಿಸಿದರು. ನೋಡಿದರೆ ಬಹುತೇಕ ಎಲ್ಲರ ಉಸಿರೂ ಕೆಳಮುಖ. ಮೇಲ್ತುಟಿ ಮೂರರಲ್ಲಿ ಎರಡು ಪಾಲು ಇದ್ದ ಮೇಲೆ ಅದು ಕೆಳತುಟಿಯನ್ನು ಹಿಂದೆ ಹಾಕಿ ಗಾಳಿಯನ್ನು ಕೆಳಕ್ಕೆ ತಿರುಗಿಸುವುದು ಸಹಜವೇ. ಅವರ ಒಂದು ಸೂತ್ರ ಇನ್ನೊಂದನ್ನು ಕಡಿಯುತ್ತಿತ್ತು. ತಮ್ಮ ಮಾತಿಗೆ ವಿರುದ್ಧವಾದ ಸಾಕ್ಷಿಯನ್ನು ತಾವೇ ಕ್ಯಾಮೆರಾ ಹಿಡಿದು ಒಟ್ಟುಮಾಡಿ ಅಚ್ಚು ಹಾಕಿಸಿದ ಮೇಷ್ಟ್ರು ಸಂಗೀತದ ಲೋಕದಲ್ಲಿ ಎಷ್ಟು ಮಂದಿ ಸಿಕ್ಕಾರು? ಅವರ ವೃತ್ತಿಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇದೇ. ರೈನರ್ ಕಾಲದ ಧ್ವನಿಮುದ್ರಿಕೆಗಳಿಗಿಂತಲೂ ಒಂದು ತೂಕ ಹೆಚ್ಚು. ದುರದೃಷ್ಟಕ್ಕೆ ಹಳೆಯ ಕೈಪಿಡಿಯನ್ನಷ್ಟೇ ಓದಿ, ಫೋಟೊಗಳ ಕಡೆ ನೋಡದ ಮೇಷ್ಟ್ರುಗಳು ಈಗಲೂ ಮಕ್ಕಳ ದವಡೆಯನ್ನು ಮುಂದಕ್ಕೆ ದೂಡಿಸುತ್ತಿದ್ದಾರೆ.

ಅದೇ ಷಿಕಾಗೊದ ಹಿತ್ತಾಳೆ ಸಾಲಿನಲ್ಲಿ ಟ್ಯೂಬಾ ಹಿಡಿದು ಕೂತಿದ್ದವರು ಆರ್ನಲ್ಡ್ ಜೇಕಬ್ಸ್, 1944ರಿಂದ 1988ರವರೆಗೆ. ಅವರ ಪಾಠ ಇದಕ್ಕೆ ತದ್ವಿರುದ್ಧ: ತುಟಿಯ ಬಗ್ಗೆ ಯೋಚಿಸಬೇಡ, ಹಾಡು ಮತ್ತು ಗಾಳಿ, ಇಷ್ಟೇ, ಬೇಕಾದ ನಾದವನ್ನು ತಲೆಯಲ್ಲಿ ಗಟ್ಟಿಯಾಗಿ ಹಿಡಿದುಕೋ, ಸ್ನಾಯುಗಳು ತಾವಾಗಿ ಹೊಂದಿಕೊಳ್ಳುತ್ತವೆ. ಫಾರ್ಕಸ್ ಕನ್ನಡಿ ಹಿಡಿದರೆ ಜೇಕಬ್ಸ್ ಕನ್ನಡಿ ಮುಚ್ಚಿಡು ಎನ್ನುತ್ತಿದ್ದರು. ಒಂದೇ ವೇದಿಕೆಯಲ್ಲಿ ವರ್ಷಗಟ್ಟಲೆ ಜತೆಗೆ ನುಡಿಸಿದವರು. ಇಬ್ಬರೂ ಸರಿ ಎಂದು ತೇಲಿಸುವುದು ಸುಲಭ. ಆದರೆ ನನ್ನ ಪ್ರಕಾರ ಕ್ರಮ ಮುಖ್ಯ. ಬಾಯಿ ಇನ್ನೂ ಕೂಡದ ಮೊದಲ ಎರಡು ಮೂರು ವರ್ಷ ಫಾರ್ಕಸ್ ಕನ್ನಡಿ ಬೇಕೇ ಬೇಕು. ಆಮೇಲೂ ಅದನ್ನೇ ನೋಡುತ್ತ ಕೂತರೆ ವೇದಿಕೆಯ ಮೇಲೆ ತುಟಿಯ ಯೋಚನೆ ಬಂದು ಸ್ವರ ಒಡೆಯುತ್ತದೆ. ಅಲ್ಲಿಂದ ಮುಂದಕ್ಕೆ ಜೇಕಬ್ಸ್.

ಬಲಗೈಯ ಕೆಲಸವನ್ನು ಕೇಳುಗರು ಗಮನಿಸುವುದೇ ಇಲ್ಲ. ಹಾರ್ನಿನ ಅಗಲ ಬಾಯೊಳಗೆ ಬಲಗೈ ಇರುವುದು ಹಿಡಿದುಕೊಳ್ಳಲು ಮಾತ್ರವಲ್ಲ. 18ನೇ ಶತಮಾನದ ನಡುವಿನಲ್ಲಿ ಡ್ರೆಸ್ಡೆನ್ನಿನ ಹಂಪೆಲ್ ಎಂಬ ವಾದಕ, ವಾಲ್ವ್ ಇಲ್ಲದ ಹಾರ್ನಿನಲ್ಲಿ ಕೈಯನ್ನು ಮುಚ್ಚಿ ತೆರೆದು ನಡುವಿನ ಸ್ವರಗಳನ್ನು ತೆಗೆಯುವ ಪದ್ಧತಿಯನ್ನು ಬೆಳೆಸಿದ. ವಾಲ್ವ್ ಬಂದ ಮೇಲೂ ಕೈ ಅಲ್ಲೇ ಉಳಿಯಿತು, ವಾಲ್ವ್ ಎಡಗೈ ಪಾಲಾಯಿತು. ಬೆರಳುಗಳ ನಡುವೆ ಸಂದಿ ಬಿಡದೆ ಜೋಡಿಸಿ, ಹೆಬ್ಬೆರಳನ್ನು ಒತ್ತಿಟ್ಟು, ಬೆರಳುಗಳ ಹಿಂಬದಿ ಲೋಹಕ್ಕೆ ತಾಗುವಂತೆ ಒಳಗಿಡಬೇಕು. ಅಂಗೈ ಅರ್ಧ ಬಾಗಿಲಿನ ಹಾಗೆ. ಕೈ ತೆಗೆದುಬಿಟ್ಟರೆ ಶ್ರುತಿ ಏರುತ್ತದೆ, ನಾದ ಬಯಲಾಗುತ್ತದೆ, ತಾರದ ಸ್ವರಗಳು ಹಿಡಿತಕ್ಕೇ ಸಿಗುವುದಿಲ್ಲ. ಸ್ವರಲಿಪಿಯಲ್ಲಿ ಸ್ವರದ ಮೇಲೆ ಕೂಡಿಸುವ ಚಿಹ್ನೆ (+) ಇದ್ದರೆ ಹಾರ್ನಿನ ಬಾಯಿಯನ್ನು ಕೈಯಿಂದ ಪೂರ್ತಿ ಮುಚ್ಚಬೇಕು. ಆಗ ನಾದ ತಗಡಿನಂತೆ ಝೇಂಕರಿಸುತ್ತದೆ, ಜತೆಗೆ ಎಫ್ ಕೊಳವೆಯಲ್ಲಿ ಅರ್ಧಸ್ವರ ಮೇಲೆ ಕೇಳುತ್ತದೆ. ಹಾಗಾಗಿ ಬೆರಳು ಅರ್ಧಸ್ವರ ಕೆಳಗಿನದನ್ನು ಒತ್ತಬೇಕು. ಬಿ-ಫ್ಲಾಟ್ ಕೊಳವೆಯಲ್ಲಿ ಈ ಲೆಕ್ಕ ಕೂರುವುದಿಲ್ಲ, ಆದ್ದರಿಂದ ಇಲ್ಲಿ ಎಫ್ ಬಿಡುವಂತಿಲ್ಲ.

ಇನ್ನು ನೀರು. ಉಸಿರಿನ ಆವಿ ತಣ್ಣನೆಯ ಲೋಹಕ್ಕೆ ತಾಗಿ ಹನಿಯಾಗುತ್ತದೆ. 12 ಅಡಿಯ ಸುರುಳಿಯಲ್ಲಿ ಅದು ಎಲ್ಲಿ ಬೇಕಾದರೂ ಅಡಗೀತು. ಒಂದು ಹನಿ ವಾಲ್ವಿನ ಹತ್ತಿರ ಬಂದು ಕೂತರೆ ಏಕವಾದನದ ನಡುವೆ ಗೊರಗೊರ ಎನ್ನುತ್ತದೆ. ಹಾರ್ನಿನವರು ವೇದಿಕೆಯಲ್ಲಿ ವಾದ್ಯವನ್ನು ಚಕ್ರದಂತೆ ತಿರುಗಿಸುವುದು ಇದಕ್ಕೇ. ಮೊದಲು ಮುಖ್ಯ ಸ್ಲೈಡ್, ಅಂದರೆ ಎಳೆದು ತೆಗೆಯಬಹುದಾದ ಕೊಳವೆಯ ತುಂಡು, ತೆಗೆದು ಸುರಿಯಬೇಕು. ಆಮೇಲೆ ವಾಲ್ವ್‌ಗಳನ್ನೆಲ್ಲ ಒತ್ತಿ ಹಿಡಿದು ವಾದ್ಯವನ್ನು ಒಂದು ಸುತ್ತು ತಿರುಗಿಸಿದರೆ ಸಣ್ಣ ಸ್ಲೈಡುಗಳ ನೀರು ಒಂದೆಡೆಗೆ ಇಳಿಯುತ್ತದೆ. ಮೂರನೇ ವಾಲ್ವಿನ ಸ್ಲೈಡ್ ಉದ್ದನೆಯದು. ಎಲ್ಲ ಕಡೆ ನೋಡಿಯೂ ಗೊರಗೊರ ನಿಲ್ಲದಿದ್ದರೆ ಅಲ್ಲಿ ಹುಡುಕಿ. ಸ್ಲೈಡ್ ಎಳೆಯುವಾಗ ಅದರ ವಾಲ್ವನ್ನು ಒತ್ತಿಯೇ ಎಳೆಯಬೇಕು, ಇಲ್ಲದಿದ್ದರೆ ಒಳಗಿನ ಎಳೆತಕ್ಕೆ ಗ್ರೀಸು ವಾಲ್ವಿನೊಳಗೆ ತಿರುಗುವ ರೋಟರಿಗೆ ಹೋಗಿ ವಾಲ್ವ್ ಮಂದವಾಗುತ್ತದೆ. ಚಳಿಯದೂ ಒಂದು ತೊಂದರೆ: ಒಳಗಿನ ಗಾಳಿ 10 ಡಿಗ್ರಿ ತಣ್ಣಗಾದರೆ ಶ್ರುತಿ ಅರ್ಧಸ್ವರದ ಮೂರನೇ ಒಂದು ಪಾಲಿನ ಹತ್ತಿರ ಇಳಿಯುತ್ತದೆ. ಅರವತ್ತು ಆವರ್ತ ಸುಮ್ಮನೆ ಕೂತು ಎದ್ದವರು ಸದ್ದಿಲ್ಲದೆ ಬಿಸಿಯುಸಿರು ತುಂಬಿ ಕೊಳವೆಯನ್ನು ಬೆಚ್ಚಗೆ ಮಾಡಿಕೊಳ್ಳುವುದು ಅದಕ್ಕೇ.

ನಮ್ಮ ಕಡೆಗೂ ಈ ವಾದ್ಯದ ಒಂದು ಎಳೆ ಇದೆ. ಮೈಸೂರಿನ ಜಯಚಾಮರಾಜ ಒಡೆಯರು ಲಂಡನ್ನಿನ ಫಿಲ್‌ಹಾರ್ಮೋನಿಯ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರು. ಆ ಆರ್ಕೆಸ್ಟ್ರಾ ಕಾಲೂರುತ್ತಿದ್ದ ದಿನಗಳಲ್ಲಿ ಹಣ ಕೊಟ್ಟು ನಿಲ್ಲಿಸಿದವರಲ್ಲಿ ಒಬ್ಬರು. ಅದರ ಮೊದಲ ಹಾರ್ನ್ ಡೆನಿಸ್ ಬ್ರೇನ್. ರಿಚರ್ಡ್ ಸ್ಟ್ರೌಸ್ ತೀರಿಕೊಳ್ಳುವ ಮುಂಚಿನ ವರ್ಷ ಬರೆದ ನಾಲ್ಕು ಹಾಡುಗಳ ಮೊದಲ ಪ್ರಯೋಗ 1950ರ ಮೇ 22ರಂದು ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಆ ಆರ್ಕೆಸ್ಟ್ರಾದಿಂದಲೇ ನಡೆಯಿತು, ಖರ್ಚಿಗೆ ಜಾಮೀನು ನಿಂತದ್ದು ಮಹಾರಾಜರು. ಅದರಲ್ಲೊಂದು ಹಾಡು ಮುಗಿಯುವುದು ಹಾರ್ನಿನ ಏಕವಾದನದಿಂದ. ಬ್ರೇನ್ 1957ರ ಸೆಪ್ಟೆಂಬರ್ 1ರಂದು ಕಾರು ಅಪಘಾತದಲ್ಲಿ, 36ನೇ ವಯಸ್ಸಿಗೆ, ಹೋಗಿಬಿಟ್ಟರು. ಅವರ ನಾದ ತೆಳು, ಹಗುರ. ಫಾರ್ಕಸ್ ಕಾಲದ ಷಿಕಾಗೊ ನಾದ ಅಗಲ, ಗಾಢ. ಇಬ್ಬರ ಧ್ವನಿಮುದ್ರಿಕೆಗಳನ್ನು ಒಂದಾದ ಮೇಲೊಂದು ಕೇಳಿದರೆ ಅಟ್ಲಾಂಟಿಕ್‌ನ ಆ ದಡ ಈ ದಡದ ರುಚಿಭೇದ ಕಿವಿಗೆ ಸಿಗುತ್ತದೆ.

ಫಾರ್ಕಸ್ ನಾದ ಹಾಗಿರಲು ವಾದ್ಯದ ಪಾಲೂ ಇದೆ. 1950ರ ದಶಕದ ದ್ವಿತೀಯಾರ್ಧದಲ್ಲಿ ವಿಸ್ಕಾನ್ಸಿನ್‌ನ ಎಲ್ಕ್‌ಹಾರ್ನ್ ಊರಿನ ಹೋಲ್ಟನ್ ಕಂಪನಿಯ ಜತೆ ಕೂತು ಅವರೊಂದು ಡಬಲ್ ಹಾರ್ನ್ ರೂಪಿಸಿದರು. ಅದರ ನಿಕಲ್ ಸಿಲ್ವರ್ ಮಾದರಿ, ಎಚ್-179, ಅಮೆರಿಕದ ಶಾಲೆ ಕಾಲೇಜುಗಳಲ್ಲೆಲ್ಲ ಹರಡಿತು. ಸೆಕೆಂಡ್ ಹ್ಯಾಂಡ್ ಪೇಟೆಯಲ್ಲಿ ಈಗಲೂ ಧಾರಾಳ ಸಿಗುತ್ತದೆ. ಇಂಡಿಯಾದಲ್ಲಿ ಕೂತು ಹಾರ್ನ್ ಕಲಿಯಹೊರಟವರ ಕೈಗೆ ಬರುವುದೂ ಬಹುಶಃ ಇಂಥ ಹಳೆಯದೇ. ಕೊಳ್ಳುವ ಮುನ್ನ ಮೂರು ಸಂಗತಿ ನೋಡಬೇಕು.

ಈ ಪರೀಕ್ಷೆಗೆ ಮಾತ್ರ ವಾಲ್ವ್ ಒತ್ತದೆ ಒಂದನೇ ಸ್ಲೈಡನ್ನು ಎರಡು ಬೆರಳಷ್ಟು ಹೊರಕ್ಕೆ ಎಳೆದು ಐದು ಸೆಕೆಂಡು ಹಿಡಿದು, ಆಮೇಲೆ ವಾಲ್ವ್ ಒತ್ತಿ. ‘ಟಪ್’ ಎಂದು ಸದ್ದಾದರೆ ರೋಟರ್ ಇನ್ನೂ ಗಾಳಿ ಸೋರದಂತಿದೆ, ಸದ್ದಿಲ್ಲದಿದ್ದರೆ ಸವೆದಿದೆ. ಹಾಗೆ ಸವೆದದ್ದರಲ್ಲಿ ಎಷ್ಟು ಸಾಧಕ ಮಾಡಿದರೂ ಸ್ವರ ಜಾರುತ್ತಲೇ ಇರುತ್ತದೆ, ತಪ್ಪು ತುಟಿಯದೆಂದು ಬೈಸಿಕೊಳ್ಳುವುದು ಕಲಿಯುವವರು. ಎರಡನೆಯದಾಗಿ ವಾಲ್ವಿನ ಹಿಂದಿನ ಬಿಲ್ಲೆ ಬಿಚ್ಚಿ ನೋಡಿ: ರೋಟರಿನ ಮೇಲಿನ ಗೆರೆ, ತಟ್ಟೆಯ ಮೇಲಿನ ಗುರುತು, ಒತ್ತಿದಾಗಲೂ ಬಿಟ್ಟಾಗಲೂ ನೇರಕ್ಕೆ ಬರಬೇಕು. ಬರದಿದ್ದರೆ ಒಳಗಿನ ದಾರಿ ಅರ್ಧ ಮುಚ್ಚಿದೆ ಎಂದರ್ಥ. ಬಿರಡೆಯಂಥ ಮೆತ್ತೆ ಸವೆದಿರುತ್ತದೆ, ಹೊಸದು ಕತ್ತರಿಸಿ ಕೂರಿಸಿದರೆ ಸರಿಹೋಗುತ್ತದೆ, ಹೆಚ್ಚು ಖರ್ಚಿಲ್ಲ.

ಮೂರನೆಯದು ದಾರ. ಲಿವರ್ ಮತ್ತು ರೋಟರನ್ನು ಜೋಡಿಸುವುದು ಒಂದು ದಾರ, ಅದು ಹರಿಯುವುದು ಸರಿಯಾಗಿ ಕಛೇರಿಯ ದಿನವೇ. ಹೆಣೆದ ಮೀನುಗಾರಿಕೆ ದಾರ ಸುಮಾರು 20 ಸೆಂಟಿಮೀಟರ್ ಕತ್ತರಿಸಿ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿರಿ, ಒಂದು ಸಣ್ಣ ಸ್ಕ್ರೂಡ್ರೈವರ್ ಸಹಿತ. ತುದಿಗೊಂದು ಗಂಟು ಹಾಕಿ, ಲಿವರ್ ತೋಳಿನ ತೂತಿನಲ್ಲಿ ತೂರಿಸಿ, ರೋಟರಿನ ಗುಬುಟನ್ನು ಒಂದು ಬದಿಯಿಂದ ಬಳಸಿ ಅದರ ಸ್ಕ್ರೂವಿಗೆ ಒಂದು ಸುತ್ತು ಹಾಕಿ, ಇನ್ನೊಂದು ಬದಿಯಿಂದ ತಂದು ತೋಳಿನ ಮತ್ತೊಂದು ತೂತಿನಲ್ಲಿ ತೂರಿಸಿ, ಅಲ್ಲಿನ ಸ್ಕ್ರೂವಿಗೆ ಬಿಗಿಯಬೇಕು. ದಾರ ಎಂಟರ ಆಕಾರದಲ್ಲಿ ಬಂದಿರಬೇಕು. ಗುಬುಟಿನ ಸ್ಕ್ರೂ ಸಡಿಲವಿದ್ದಾಗಲೇ ಲಿವರನ್ನು ಪಕ್ಕದ ಲಿವರ್‌ಗಳ ಮಟ್ಟಕ್ಕೆ ತಂದು, ಆಮೇಲೆ ಬಿಗಿ ಮಾಡಿ. ಒಂದೇ ಸಲಕ್ಕೆ ಎಲ್ಲ ವಾಲ್ವಿನ ದಾರವನ್ನೂ ಬಿಚ್ಚಬೇಡಿ. ಒಂದನ್ನು ಕಟ್ಟುವಾಗ ಪಕ್ಕದ್ದು ನೋಡಿಕೊಳ್ಳಲು ಬೇಕಾಗುತ್ತದೆ.